ಕಲ್ಲಜ್ಜನ ಮಗ್ಗುಲ ಜಾಗ

ದಾನೇಶ್ವರಿ ಅವ್ವನ ಬಲಗಾಲನ್ನು ಮಡಚಿ ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು. ಕೈ ತುಸು ಸಡಿಲಾದರೆ ಸಾಕು, ಕಾಲು ಮೆಲ್ಲಗೆ ಬಿಚ್ಚಿಕೊಂಡು ಬಾಗಿಲ ಕಡೆಗೆ ಚಾಚುತ್ತಿತ್ತು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತೇ ಹೋಗಬೇಕು, ಕೂತೇ ಮಣ್ಣಾಗಬೇಕು. ಮೈ ಸೆಟೆಯುವ ಮೊದಲೇ ಚಕ್ಕಳಮಕ್ಕಳ ಹಾಕಿಸದಿದ್ದರೆ ಆಮೇಲೆ ದೇವರೇ ಬಂದರೂ ಆಗದು.

"ಎಲ್ಲಿಗೋ ಹೊಂಟಾಳಲ್ಲ ಯವ್ವಾ ನಿಮ್ಮವ್ವ," ಎಂದಳು ಪಕ್ಕದ ಮನೆಯ ಶೋಭಾ, ಎಡಗಾಲನ್ನು ಹಿಡಿದುಕೊಂಡು. "ಜೀವ ಇದ್ದಾಗೂ ಒಂದ ಕಡೆ ಕುಂತಾಕಿ ಅಲ್ಲ. ಈಗರೆ ಕುಂಡ್ರಬಾರದಾ?"

ದಾನೇಶ್ವರಿ ಕಾಲು ಚಾಚುತ್ತಿದ್ದ ದಿಕ್ಕನ್ನು ನೋಡಿದಳು. ಬಾಗಿಲಾಚೆ ಅಂಗಳ, ಅಂಗಳದಾಚೆ ಬೇವಿನ ಮರ, ಮರದಡಿ ಸುಣ್ಣ ಬಳಿದ ಕಲ್ಲಜ್ಜನ ಸಮಾಧಿಯ ಗದ್ದುಗೆ. ಅವ್ವನ ಹೆಬ್ಬೆರಳು ನೇರ ಅಲ್ಲಿಗೇ ತೋರಿಸುತ್ತಿತ್ತು. "ಹೌದವ್ವ, ನೆನಪೈತಿ," ಎಂದು ಬಾಯೊಳಗೇ ಅಂದುಕೊಂಡಳು. ಆಗ ಕಾಲು ಹಟ ಬಿಟ್ಟು ಮಡಚಿಕೊಂಡಿತು.

ಹೈದರಾಬಾದಿನ ಈ ಬಂಡೆಗುಡ್ಡದ ಮೇಲೆ ಸುಮಾರು ಇನ್ನೂರು ಮನೆಗಳ ಬಸ್ತಿಯಿದೆ. ಎಲ್ಲರೂ ಯಾದಗಿರಿ, ಗುರುಮಠಕಲ್ ಕಡೆಯಿಂದ ಕೂಲಿಗೆ ಬಂದವರು, ಇಲ್ಲವೇ ಅವರ ಮಕ್ಕಳು ಮೊಮ್ಮಕ್ಕಳು. ಮೊದಲು ಇಲ್ಲಿ ಒಲೆ ಹೂಡಿದವಳು ದಾನೇಶ್ವರಿಯ ಅವ್ವ ಸುಗಲಮ್ಮ. ಅವಳೂ ಅವಳ ಗಂಡ ಮಲ್ಲಣ್ಣನೂ ಬಂದಾಗ ಇಲ್ಲಿ ಹಾವು, ಮುಳ್ಳು, ಬಂಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಹಿಮಾಯತ್‌ನಗರದಲ್ಲಿ ಕನ್ನಡಿ ಹೊದ್ದು ನಿಂತಿರುವ ಕಟ್ಟಡಗಳಿಗೆ ಕಲ್ಲು ಹೊತ್ತವರು ಇವರೇ. ಕಟ್ಟಡಗಳಿಗೆ ಅದು ಮರೆತುಹೋಗಿದೆ, ಆ ಮಾತು ಬೇರೆ.

ಹಣೆಗೆ ವಿಭೂತಿ ಬಳಿದು, ತಲೆಗೆ ಬಿಳಿ ಬಟ್ಟೆ ಸುತ್ತಿ, ಅದರ ತುದಿಯನ್ನು ಗೋಡೆಯ ಮೊಳೆಗೆ ಕಟ್ಟಿದ ಮೇಲೆ ಸುಗಲಮ್ಮ ನೆಟ್ಟಗೆ ಕೂತಳು. ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಬಂದವರನ್ನೆಲ್ಲ ಕೆಳಗಣ್ಣಿನಿಂದ ನೋಡುತ್ತಿದ್ದಳು, ಯಾರು ಊಟ ಮಾಡಿ ಬಂದಿದ್ದಾರೆ, ಯಾರು ಇಲ್ಲ ಎಂದು ವಿಚಾರಿಸುವವಳ ಹಾಗೆ.

ದಾನೇಶ್ವರಿಯ ಮಗಳು ಗುರುದೇವಿ ಎಂಟು ತಿಂಗಳ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಮುಂದೆ ಬಂದಳು. "ಕಲ್ಲೇಶಾ, ಮುತ್ತಜ್ಜಿಗೆ ಶರಣ ಮಾಡು."

ದಾನೇಶ್ವರಿ ತಟ್ಟನೆ ತಿರುಗಿದಳು. "ಹೆಸರ ಹಿಡದ ಕರೀಬ್ಯಾಡ," ಎಂದಳು ಗಟ್ಟಿಯಾಗಿ. "ಇವತ್ತೊಂದಿನ ಕೂಸ ಅನ್ನು, ಪುಟ್ಟ ಅನ್ನು, ಏನರೆ ಅನ್ನು."

ಕೂಡಿದ ಹೆಂಗಸರು ಮುಖ ಮುಖ ನೋಡಿಕೊಂಡರು. ದುಃಖದಲ್ಲಿ ಮನುಷ್ಯರಿಗೆ ಹೀಗೆಲ್ಲ ಆಗುತ್ತದೆ ಎಂದು ಶೋಭಾ ಕಣ್ಣಲ್ಲೇ ಸಮಾಧಾನ ಹೇಳಿದಳು.

* * *

ಮೂರು ವಾರದ ಹಿಂದೆ ಒಂದು ಮಧ್ಯಾಹ್ನ, ಸುಗಲಮ್ಮ ಹೊರಸಿನ ಮೇಲೆ ಮಲಗಿ ಸೂರು ನೋಡುತ್ತ ಹೇಳಿದ್ದಳು: "ಅದರೊಳಗ ಯಾರೂ ಇಲ್ಲ."

"ಯಾವುದರೊಳಗವ್ವಾ?"

"ಗದ್ದುಗ್ಯಾಗ."

ಜ್ವರದ ಬಡಬಡಿಕೆ ಎಂದುಕೊಂಡು ದಾನೇಶ್ವರಿ ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು.

ಕಲ್ಲಜ್ಜ ಎಂದರೆ ಬಸ್ತಿಯ ಮೂಲಪುರುಷ. ಮಲ್ಲಣ್ಣನ ಕಾಕಾ ಕಲ್ಲೇಶಪ್ಪ, ಕಾಚಿಗೂಡದಲ್ಲಿ ರೈಲು ಇಳಿದು, ಈ ಗುಡ್ಡ ಹತ್ತಿ, "ಇಲ್ಲೇ ಇರ್‍ರಿ" ಎಂದು ಹೇಳಿ ಕೂತಲ್ಲೇ ಪ್ರಾಣ ಬಿಟ್ಟ ಎಂದು ಕತೆ. ಬಸ್ತಿಯ ಮಕ್ಕಳಿಗೆ ತಮ್ಮ ತಂದೆಯ ಅಜ್ಜನ ಹೆಸರು ಗೊತ್ತಿರಲಿಕ್ಕಿಲ್ಲ, ಕಲ್ಲಜ್ಜ ಮಾತ್ರ ಗೊತ್ತು. ಕೆಳಗಿನ ಬೀದಿಯ ತೆಲುಗರಿಗೂ ಅವನ ಮೇಲೆ ಭಕ್ತಿ. ಅವರು ಕರೆಯುವುದು ಕಲ್ಲು ತಾತ ಎಂದು. ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ. ಅಜ್ಜ ಹೆಂಡದ ಪ್ರಿಯನೆಂದು ತಿಳಿದು ಅವರು ಹಬ್ಬಕ್ಕೊಮ್ಮೆ ಗಡಿಗೆ ತಂದು ಗದ್ದುಗೆಗೆ ಸುರಿದು ಹೋಗುತ್ತಾರೆ. ಬಸ್ತಿಯ ಜಂಗಮ ಗುರುಶಾಂತಯ್ಯ ಹಲ್ಲು ಕಡಿಯುತ್ತ ಆಮೇಲೆ ನೀರು ಹಾಕಿ ತೊಳೆಯುತ್ತಾನೆ. ಹೋದ ತಿಂಗಳು ರಸ್ತೆ ಅಗಲ ಮಾಡಲು ಟೇಪು ಹಿಡಿದು ಬಂದವರು ಕೂಡ ಗದ್ದುಗೆ ನೋಡಿ, ಚಪ್ಪಲಿ ಬಿಟ್ಟು, ಕೈಮುಗಿದು, ಟೇಪು ಸುತ್ತಿಕೊಂಡು ಇಳಿದು ಹೋಗಿದ್ದರು. ಬಸ್ತಿಯವರಿಗೆ ಬೇರೆ ಹಕ್ಕುಪತ್ರ ಇಲ್ಲ. ಅಜ್ಜನೇ ಹಕ್ಕುಪತ್ರ.

"ನಮ್ಮನ್ನ ಮೂರ ಕಡಿಂದ ಎಬ್ಬಿಸಿದ್ರು," ಎಂದಳು ಸುಗಲಮ್ಮ. "ಗುಡಸಲ ಹಾಕೂದು, ಬಂದು ಕಿತ್ತೂದು. ಆಗ ನಾಂಪಲ್ಲಿ ಕಡೆ ಕೆಲಸಕ್ಕ ಹೋಗತಿದ್ವಿ. ಅಲ್ಲೊಂದು ದಾರ್‍ಯಾಗ ನಡುವ ಗೋರಿ. ದಾರಿನ ಅದಕ್ಕ ಸುತ್ತ ಹಾಕ್ಕೊಂಡು ಹೋಗೈತಿ. ನಿಮ್ಮಪ್ಪ ನೋಡಿದ. ಈ ಊರಾಗ ಜೀವ ಇದ್ದವರನ್ನ ಎಬ್ಬಸ್ತಾರ, ಸತ್ತವರನ್ನ ಎಬ್ಬಸೂದಿಲ್ಲ ಸುಗಲಿ, ಅಂದ."

ಮಿಕ್ಕವರು ದೂರದ ಕೆಲಸಕ್ಕೆ ಹೋಗಿದ್ದಾಗ ಇಬ್ಬರೇ ಸೇರಿ ಕುಣಿ ತೋಡಿದರು. ಪದ್ಧತಿಯಂತೆ ತಳದಲ್ಲಿ ಒಬ್ಬರು ಕೂರುವಂಥ ಗೂಡು ಕೊರೆದರು. ಮಲ್ಲಣ್ಣ ಒಂದು ಬಂಡೆಯನ್ನು ಕೂತ ಮನುಷ್ಯನ ಅಳತೆಗೆ ಕಡಿದು, ಉರುಳಿಸಿ, ಇಳಿಸಿ, ತನ್ನ ತಲೆಯ ಕೆಂಪು ರುಮಾಲು ಬಿಚ್ಚಿ ಅದಕ್ಕೆ ಸುತ್ತಿದ.

"ಕಲ್ಲು ನಟ್ಟ ನಡುವ ಕುಂತ್ತು. ಜರಾ ಈ ಕಡೆ ಸರಸೂಣು ಅಂದ್ರ ಇಬ್ಬರೂ ಹಾರಿ ಹಾಕಿದ್ರೂ ಬೆರಳಷ್ಟ ಸರೀಲಿಲ್ಲ. ನಿಮ್ಮಪ್ಪ ನಕ್ಕ. ಕಲ್ಲೇಶ ಕುಂತಬಿಟ್ಟಾನ, ಏಳೂದಿಲ್ಲ ಅಂದ. ಹೆಸರ ಬಿತ್ತು. ತಿರಗಿ ಬಂದವರಿಗೆ, ಊರಿಂದ ಬಂದ ಕಾಕಾ ಕುಂತಲ್ಲೇ ಹೋದ ಅಂತ ಹೇಳಿದ್ವಿ."

"ಇಷ್ಟ ವರ್ಷ ಹೇಳಲಿಲ್ಲಲ್ಲವ್ವಾ!"

"ಬಾಯಿ ಬಿಟ್ರ ಬಣ್ಣಗೇಡು. ಇನ್ನೂರ ಮನಿ ನಿಂತಾವ ಆ ಸುಳ್ಳಿನ ಮ್ಯಾಲ." ಸುಗಲಮ್ಮ ಮಗಳ ಮಣಿಕಟ್ಟು ಹಿಡಿದಳು. "ಸುಳ್ಳಿಗೆ ನಾ ಅಂಜಿಲ್ಲ. ಕುಣಿಗೆ ಅಂಜೀನಿ. ಮನಷಾಗಂತ ತೋಡಿದ್ದು ಮನಷಾನ್ನ ಬೇಡತೈತಿ. ಖಾಲಿ ಬಿಡಬಾರದು. ನಾವು ಹೆಸರಿಟ್ಟು ತೋಡಿದ್ವಿ, ಅದು ಹೆಸರ ಹಿಡದ ಕರೀತೈತಿ."

ಬಸ್ತಿಯಲ್ಲಿ ಈ ಮೊದಲು ಇಬ್ಬರು ಕಲ್ಲೇಶರಿದ್ದರು. ಒಬ್ಬ ಸೆಂಟ್ರಿಂಗ್ ಹಲಗೆಯ ಮೇಲಿಂದ ಬಿದ್ದ. ಇನ್ನೊಬ್ಬ ಗಣಿಯ ನೀರಿಗೆ ಹೋದ. ಕೂಲಿಯವರ ಬಸ್ತಿಯಲ್ಲಿ ಇದೇನು ಹೊಸದಲ್ಲ, ಯಾರೂ ಅದನ್ನು ಹೆಸರಿಗೆ ಗಂಟು ಹಾಕಲಿಲ್ಲ. ಸುಗಲಮ್ಮ ಹಾಕಿದಳು. ತನ್ನ ಮನೆಯಲ್ಲಿ ಆ ಹೆಸರು ಬೇಡವೆಂದು ಸಾರಿದ್ದಳು. ಮಕ್ಕಳಾಗದ ಗುರುದೇವಿ ಗದ್ದುಗೆಗೆ ಹರಕೆ ಹೊತ್ತು, ಹೆತ್ತ ಮೇಲೆ ಅಜ್ಜಿಯನ್ನು ಕೇಳದೆ ಅದೇ ಹೆಸರನ್ನು ತೊಟ್ಟಿಲಲ್ಲಿ ಕೂಗಿಬಿಟ್ಟಳು. ಅಂದು ಹೋಳಿಗೆ ಊಟ ಬಿಟ್ಟು ಎದ್ದು ಹೋದ ಮುದುಕಿ ಆಮೇಲೆ ಹೊಟ್ಟೆ ತುಂಬ ಉಂಡದ್ದೇ ಇಲ್ಲ.

"ನಾ ಹೋಗಿ ಕುಂತ್ರ ಅದರ ಬಾಯಿ ಮುಚ್ಚತೈತಿ. ನನ್ನ ಅಲ್ಲೇ ಇಡು. ಬ್ಯಾರೆ ಕಡೆ ಒಯ್ದೀ ಅಂದ್ರ ಕೂಸಿನ ಫಿಕರ್ ನಿನಗ ಬಿಟ್ಟದ್ದು."

ದಾನೇಶ್ವರಿಗೆ ಆಗ ಒಂದು ಹಳೆಯ ಸಂಗತಿ ನೆನಪಾಯಿತು. ಎಲ್ಲರೂ ಗದ್ದುಗೆಗೆ ಕೈ ಮುಗಿಯುವರು. ಅವ್ವ ಒಂದು ದಿನವೂ ಮುಗಿದಿರಲಿಲ್ಲ. ಸೋಮವಾರಕ್ಕೊಮ್ಮೆ ರೊಟ್ಟಿ ಇಟ್ಟು, ಬಗ್ಗಿ, ಏನೋ ಪಿಸುಗುಟ್ಟಿ ಬರುತ್ತಿದ್ದಳು. ಮಂತ್ರವೆಂದು ಜನ ತಿಳಿದಿದ್ದರು. ಚಿಕ್ಕವಳಿದ್ದಾಗ ದಾನೇಶ್ವರಿ ಸೆರಗು ಹಿಡಿದು ಹಿಂದೆ ಹೋಗಿ ಕೇಳಿಸಿಕೊಂಡಿದ್ದಳು. ಅವ್ವ ಅನ್ನುತ್ತಿದ್ದದ್ದು, "ಜರಾ ತಡಿ, ಬರ್ತೀನಿ."

* * *

"ಆಗೂದಿಲ್ಲ ದಾನಕ್ಕಾ," ಎಂದ ಬಸು.

ಬಸು ಸೆಂಟ್ರಿಂಗ್ ಮೇಸ್ತ್ರಿ, ಬಸ್ತಿಯ ಹಿರಿಯ. ಐವತ್ತು ದಾಟಿದ ಗಟ್ಟಿ ಆಳು. ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟುತ್ತಿದ್ದವನು ದಾನೇಶ್ವರಿಯ ಮಾತು ಕೇಳಿ ಕೈಯಲ್ಲಿದ್ದ ಹಗ್ಗವನ್ನು ಹಾಗೇ ಬಿಟ್ಟಿದ್ದ. ಕೆಳಗೆ ರಸ್ತೆಯಲ್ಲಿ ಊರಾಚೆಯ ರುದ್ರಭೂಮಿಗೆ ಹೋಗಲು ಲಾರಿ ಕಾಯುತ್ತಿತ್ತು.

"ಆಯಿ ನನಗೂ ತಾಯಿನ. ಆದ್ರ ಅಜ್ಜನ ಗದ್ದುಗಿಗೆ ಗುದ್ದಲಿ ಹಾಕೂದಂದ್ರ ಏನ ತಿಳದೀರಿ? ಮಂದಿ ನೋಡಾಕತ್ತೈತಿ. ತೆಲುಗು ಮಂದಿ ಬಂದಾರ. ನಾಳೆ ಟೇಪಿನವರು ಬಂದ್ರ ಏನ ಹೇಳೂದು? ನಾವ ಅಗದೀವಿ, ನೀವೂ ಅಗೀರಿ ಅಂತನಾ?"

"ಸತ್ತ ಕುಂತವರ ಗೂಡ ತೆಗಿಬಾರದು ತಾಯಿ," ಎಂದು ಗುರುಶಾಂತಯ್ಯನೂ ಕೂಡಿಸಿದ. "ಒಂದ ಗೂಡಿಗೆ ಒಬ್ಬರ. ಶಾಸ್ತ್ರ ಹಂಗೈತಿ."

ಅಲ್ಲಿ ಯಾರೂ ಕೂತಿಲ್ಲ ಎಂಬ ಮಾತು ದಾನೇಶ್ವರಿಯ ನಾಲಿಗೆಯ ತುದಿಗೆ ಬಂತು. ಹೇಳಿದರೆ ಇನ್ನೂರು ಮನೆ. ಹೇಳದಿದ್ದರೆ ಒಂದು ಕೂಸು. ಹೇಳದೆಯೇ ಕುಣಿ ತೆಗೆಸಿದರೂ ಗೂಡಿನ ಬಾಯಿ ಬಿಚ್ಚಿದ ಗಳಿಗೆಯಲ್ಲಿ ಕಲ್ಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಿಂದೆ ಬಾವಿ, ಮುಂದೆ ಹುಲಿ. ಅವಳಿಗೆ ಅವ್ವನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ಭಾರವನ್ನು ಅಷ್ಟು ವರ್ಷ ಒಬ್ಬಳೇ ಹೊತ್ತು, ಕಡೆಗೆ ಮಗಳ ತಲೆಗೆ ಜಾರಿಸಿ ನಿಶ್ಚಿಂತೆಯಾಗಿ ಕೂತಿದ್ದಾಳೆ.

ಮಾತು ಬಗೆಹರಿಯಲಿಲ್ಲ. ಹೊತ್ತು ಮೀರುತ್ತದೆಂದು ಸುಗಲಮ್ಮನನ್ನು ವಿಮಾನದಲ್ಲಿ ಕೂರಿಸಿ ಎತ್ತಿದರು. ಭಜನೆಯವರು ತಾಳ ಹಾಕಿದರು. ಮೆರವಣಿಗೆ ಬೇವಿನ ಮರದ ಹತ್ತಿರ ಬಂದು ಪದ್ಧತಿಯಂತೆ ಗದ್ದುಗೆಯ ಮುಂದೆ ನಿಂತಿತು. ಗುರುಶಾಂತಯ್ಯ ಊದಿನಕಡ್ಡಿ ಬೆಳಗಿದ. ಮತ್ತೆ ಎತ್ತಲು ನಾಲ್ವರೂ ಹೆಗಲು ಕೊಟ್ಟರು.

ವಿಮಾನ ಮೇಲೇಳಲಿಲ್ಲ.

"ಏ, ಆ ಕಡೆ ಎತ್ರೋ!" ಎಂದ ಬಸು.

"ಎತ್ತಾಕತ್ತೀವಿ ಅಣ್ಣಾ, ಭಾಳ ಒಜ್ಜಿ ಆಗೈತಿ."

ಮುದುಕಿ ಕಡೆಗಾಲದಲ್ಲಿ ಹಿಡಿ ಮೂಳೆಯಾಗಿದ್ದಳು. ಬಿದಿರಿನ ಕಾಲು ಬೇರಿಗೆ ಸಿಕ್ಕಿದೆ ಎಂದು ಒಬ್ಬ ಬಗ್ಗಿ ನೋಡಿದ. ಬೇರೂ ಇರಲಿಲ್ಲ, ಕಲ್ಲೂ ಇರಲಿಲ್ಲ. ತಾಳ ತಾನಾಗಿಯೇ ನಿಂತಿತು. ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗುರುದೇವಿಯ ಸೊಂಟದ ಮೇಲಿದ್ದ ಕೂಸು ಗದ್ದುಗೆಯ ಕಡೆ ಎರಡೂ ಕೈ ಚಾಚಿ, ಯಾರೋ ಕರೆದು ಎತ್ತಿಕೊಳ್ಳುತ್ತೇನೆ ಅಂದವರ ಕಡೆ ಬಾಗುವಂತೆ, ಪೂರ್ತಿ ಬಾಗಿತು.

ದಾನೇಶ್ವರಿ ಓಡಿ ಹೋಗಿ ಕೂಸನ್ನು ಕಸಿದು ಎದೆಗೆ ಒತ್ತಿಕೊಂಡಳು. ಆಮೇಲೆ ಬಸುವಿನ ಎದುರು ನಿಂತಳು.

"ಬಸು, ನೀ ಈ ಗುಡ್ಡಕ್ಕ ಬಂದ ದಿನ ನೆನಪೈತೇನು?"

* * *

ಬಸುವಿಗೆ ನೆನಪಿತ್ತು. ಬಸ್ತಿಯಲ್ಲಿ ಎಲ್ಲರಿಗೂ ಅವರವರು ಬಂದ ದಿನ ನೆನಪಿರುತ್ತದೆ, ಏಕೆಂದರೆ ಎಲ್ಲರ ದಿನವೂ ಒಂದೇ ತರಹದ್ದು.

ಕಾಚಿಗೂಡದಲ್ಲಿ ಇಳಿದು, ತಲೆಯ ಮೇಲೆ ಗಂಟು ಹೊತ್ತು, ಐದಾರು ವರ್ಷದ ಬಸುವಿನ ಕೈ ಹಿಡಿದು ಅವನ ವಿಧವೆ ತಾಯಿ ಗುಡ್ಡ ಹತ್ತಿದ್ದಳು. ಇದ್ದ ಗುಡಿಸಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸರು, ಇನ್ನು ಒಬ್ಬರಿಗೂ ಆಗುವುದಿಲ್ಲ, ಮುಂದೆ ಹೋಗಿ ಎಂದಿದ್ದರು. ಸುಗಲಮ್ಮ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಎದ್ದು ಬಂದು ಒಂದು ಮಾತು ಅಂದಳು: "ಸರೀರಿ, ಜರಾ ಸರೀರಿ. ಸರದ್ರ ಜಾಗ ಆಗತೈತಿ." ಸರಿದರು. ಜಾಗ ಆಯಿತು. ಅಂದು ರಾತ್ರಿ ಬಸು ಮಲಗಿದ್ದು ಸುಗಲಮ್ಮನ ಮಗ್ಗುಲಲ್ಲಿ.

ಆ ಮಾತನ್ನು ಅವಳು ಕಲಿತದ್ದು ಗಂಡನಿಂದ. ಮೊದಲ ಸಲ ಇಬ್ಬರೂ ಊರು ಬಿಟ್ಟು ಹೊರಟಾಗ ರೈಲು ತುಂಬಿ ತುಳುಕುತ್ತಿತ್ತು. ಹೊಸ ಮದುವಣಗಿತ್ತಿ ಅಳುತ್ತ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಳು. ಮಲ್ಲಣ್ಣ ತಲೆಯ ರುಮಾಲು ಬಿಚ್ಚಿ ಕಿಟಕಿಯಿಂದ ಒಳಗೆ ಬೀಸಿ ಎಸೆದ. ಜನರ ನಡುವೆ ನುಗ್ಗಿ ಇಬ್ಬರೂ ಹತ್ತಿ ಒಳಗೆ ಹೋದರೆ, ಹಲಗೆಯ ಮೇಲೆ ಕೆಂಪು ರುಮಾಲು ಹಾಸಿಕೊಂಡಿತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ರುಮಾಲು ಹಾಕಿದ ಜಾಗ ರಾಜನಿಗೂ ಇಲ್ಲ ಎಂಬುದು ಅವರ ಕಡೆಯ ಕಾಯಿದೆ. "ಕುಂಡ್ರು ಸುಗಲಿ, ನಿನಗಂತ ಹಿಡದೀನಿ," ಎಂದಿದ್ದ. ಮುದುಕಿಯಾದ ಮೇಲೂ ಆ ಕತೆ ಹೇಳುವಾಗ ಅವಳ ಕೆನ್ನೆ ಕೆಂಪಾಗುತ್ತಿತ್ತು. ಮಲ್ಲಣ್ಣ ಒಮ್ಮೆ ಹೊಲದ ವಿಚಾರಕ್ಕೆ ಊರಿಗೆ ಹೋದವನು ಅಲ್ಲೇ ತೀರಿಕೊಂಡ, ಅಲ್ಲೇ ಮಣ್ಣಾದ. ಅಂದಿನಿಂದ ಅವಳ ಮಗ್ಗುಲು ಬರಿದಾಗಿತ್ತು.

* * *

"ಎಲ್ಲಾರನ್ನೂ ಸರೀರಿ ಅಂದು ಎಲ್ಲಾರಿಗೂ ಜಾಗ ಮಾಡಿದಾಕಿ ಆಕಿ," ಎಂದಳು ದಾನೇಶ್ವರಿ. "ಈಗ ಆಕಿಗೆ ಜಾಗ ಇಲ್ಲಂತೀರಿ. ಹೋಗು, ಕುಣ್ಯಾಗಿಳದು ನಿಮ್ಮ ಅಜ್ಜಗ ಹೇಳು. ಸುಗಲಿ ಬಂದಾಳ, ಜರಾ ಸರಕೋ ಅಂತ ಹೇಳು!"

ಅರ್ಧ ಸಿಟ್ಟಿನಲ್ಲಿ, ಅರ್ಧ ಅಳುವಿನಲ್ಲಿ ಬಂದ ಮಾತು. ಆದರೆ ಕೇಳಿದವರಲ್ಲಿ ಯಾರೂ ನಗಲಿಲ್ಲ. ಬಸು ವಿಮಾನದಲ್ಲಿ ಕೂತ ಮುದುಕಿಯನ್ನು ನೋಡಿದ. ಗುರುಶಾಂತಯ್ಯನನ್ನು ನೋಡಿದ. ಅಯ್ಯ ಗಡ್ಡ ಕೆರೆದುಕೊಂಡು, "ಅಜ್ಜ ಒಪ್ಪಿದ್ರ ನಂದೇನು," ಎಂದು ಶಾಸ್ತ್ರವನ್ನು ಅಜ್ಜನ ಹೆಗಲಿಗೇ ದಾಟಿಸಿದ.

"ಗುದ್ದಲಿ ತರ್‍ರಿ," ಎಂದ ಬಸು.

ವಿಮಾನವನ್ನು ಪಕ್ಕಕ್ಕೆ ಇಡಲು ಇಬ್ಬರು ಕೈ ಹಾಕಿದರು. ಹೂವಿನ ಬುಟ್ಟಿಯಂತೆ ಸಲೀಸಾಗಿ ಎದ್ದು ಬಂತು. ಹೊತ್ತವರು ಒಬ್ಬರ ಮುಖ ಒಬ್ಬರು ನೋಡದೆ ಇಳಿಸಿ ದೂರ ಹೋಗಿ ನಿಂತರು.

ಮಧ್ಯಾಹ್ನವೆಲ್ಲ ಅಗೆದರು. ಗದ್ದುಗೆಯ ಮುಂದೆ ಹಳೆಯ ಕುಣಿಯ ಮಣ್ಣು ಮೆತ್ತಗಿತ್ತು, ನಿನ್ನೆ ಮೊನ್ನೆ ಮುಚ್ಚಿದಂತೆ ಎಂದು ಅಗೆಯುವವರು ಹೇಳಿದರು. ಒಳಗಿನಿಂದ ತಂಪು ಬರುತ್ತಿತ್ತು. ದಾನೇಶ್ವರಿ ದಂಡೆಯಲ್ಲಿ ಕೂತು ಕೂಸನ್ನು ಮಡಿಲಲ್ಲಿ ಅಮುಕಿಕೊಂಡಿದ್ದಳು. ಕೂಸು ಅಳಲಿಲ್ಲ, ನಿದ್ದೆ ಮಾಡಲಿಲ್ಲ. ಕುಣಿಯ ಕಡೆ ಕಿವಿಗೊಟ್ಟು ಸುಮ್ಮನೆ ಕೂತಿತ್ತು. ನಡುವೆ ಒಮ್ಮೆ ಯಾರೋ ಏನೋ ಹೇಳಿದಂತೆ "ಹ್ಞಾಂ" ಎಂದಿತು.

ಗುದ್ದಲಿ ಗೂಡಿನ ಬಾಯಿಗೆ ಮುಚ್ಚಿದ್ದ ಚಪ್ಪಡಿಗೆ ತಾಗಿ ಟಣ್ ಎಂದಿತು.

"ಎಲ್ಲಾರೂ ಮ್ಯಾಲ ಬರ್‍ರಿ," ಎಂದಳು ದಾನೇಶ್ವರಿ ತಟ್ಟನೆ ಎದ್ದು. "ಬಸು ಒಬ್ಬನ ಇರಲಿ. ಅಜ್ಜನ ಮಾನ ಐತಿ. ಎಲ್ಲಾರೂ ನೋಡೂದಲ್ಲ."

ಉಳಿದವರು ಮೇಲೆ ಬಂದರು. ನಿಜ ಹೇಳಬೇಕೆಂದರೆ ಅವರಿಗೂ ಕೆಳಗಿರುವ ಮನಸ್ಸಿರಲಿಲ್ಲ. ಬಸು ಒಬ್ಬನೇ ಹಾರೆಯಿಂದ ಚಪ್ಪಡಿ ಮೀಟಿ ಪಕ್ಕಕ್ಕೆ ಒರಗಿಸಿದ. ಮೊಬೈಲಿನ ಬೆಳಕು ಹಾಕಿ ಗೂಡಿನೊಳಗೆ ಬಗ್ಗಿದ.

ಬಸ್ತಿಗೆ ಬಸ್ತಿಯೇ ಉಸಿರು ಹಿಡಿದಿತ್ತು. ಈಗ ಕೂಗುತ್ತಾನೆ, ಈಗ ಕಲ್ಲು ಅನ್ನುತ್ತಾನೆ ಎಂದು ದಾನೇಶ್ವರಿ ಕಣ್ಣು ಮುಚ್ಚಿದಳು. ಅನ್ನಲಿಲ್ಲ. ಬೆಳಕು ಆರಿತು. ಬಸು ಏಣಿ ಹತ್ತಿ ಮೇಲೆ ಬಂದ. ಮುಖ ಸುಣ್ಣದಂತಾಗಿತ್ತು.

"ಅಜ್ಜ ಅದಾನೇನು?" ಎಂದ ಗುರುಶಾಂತಯ್ಯ.

"ಅದಾನ," ಎಂದ ಬಸು. "ಸರಕೊಂಡ ಕುಂತಾನ."

ಜನರ ಬಾಯಿಂದ ಒಟ್ಟಿಗೆ ಉಸಿರು ಹೊರಟಿತು. ಶೋಭಾ ಗಲ್ಲ ಗಲ್ಲ ಬಡಿದುಕೊಂಡಳು. ತೆಲುಗು ಹೆಂಗಸರು ಬೀದಿಯಲ್ಲೇ ಸಾಷ್ಟಾಂಗ ಬಿದ್ದರು. ದಾನೇಶ್ವರಿಯ ಕಣ್ಣಲ್ಲಿ ನೀರು ಬಂತು. ಕಲ್ಲು ನೋಡಿಯೂ ಗುಟ್ಟು ಬಿಡಲಿಲ್ಲ ಪುಣ್ಯಾತ್ಮ, ಅವ್ವ ಇವನನ್ನು ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಸಾರ್ಥಕ ಎಂದುಕೊಂಡಳು. ಉಪಕಾರ ಆಯಿತು ಎಂಬಂತೆ ಅವನ ಕಡೆ ನೋಡಿದಳು. ಬಸು ಅವಳ ಕಣ್ಣು ತಪ್ಪಿಸಲಿಲ್ಲ. ಅದೇ ಅವಳಿಗೆ ಸರಿ ಕಾಣಲಿಲ್ಲ. ಸುಳ್ಳು ಹೇಳಿದವನ ಕಣ್ಣು ಹಾಗಿರುವುದಿಲ್ಲ.

"ಮೊದಲ ಮಣ್ಣು ಮಗಳ ಹಾಕಬೇಕು," ಎಂದು ನೆಪ ಹೇಳಿ, ಕೂಸನ್ನು ಗುರುದೇವಿಯ ಕೈಗೆ ಕೊಟ್ಟು, ಏಣಿ ಹಿಡಿದು ಇಳಿದಳು.

ಕೆಳಗೆ ಹಸಿ ಮಣ್ಣಿನ ವಾಸನೆಗಿಂತ ವಿಭೂತಿಯ ವಾಸನೆ ಹೆಚ್ಚಿತ್ತು, ಆದರೆ ಇನ್ನೂ ಯಾರೂ ಇಲ್ಲಿ ವಿಭೂತಿ ಇಟ್ಟಿರಲಿಲ್ಲ. ದಾನೇಶ್ವರಿ ಮೊಣಕಾಲೂರಿ ಗೂಡಿನೊಳಗೆ ಇಣುಕಿದಳು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೂ ಕಾದಳು.

ಕಲ್ಲೇ. ಅಪ್ಪ ಕಡಿದ ಕಲ್ಲು, ಉಳಿಯ ಗುರುತುಗಳೊಂದಿಗೆ. ಆದರೆ ಇಬ್ಬರು ಹಾರೆ ಹಾಕಿದರೂ ಬೆರಳಷ್ಟು ಸರಿಯದೆ ನಟ್ಟ ನಡುವೆ ಕೂತಿದ್ದ ಆ ಕಲ್ಲು ಈಗ ಗೂಡಿನ ಎಡಗೋಡೆಗೆ ಒತ್ತಿಕೊಂಡು ಕೂತಿತ್ತು. ಬಲಗಡೆ ಒಬ್ಬರಿಗೆ ಸಾಲುವಷ್ಟು ನೆಲ ಬಿಟ್ಟಿತ್ತು. ಕಲ್ಲಿಗೆ ಸುತ್ತಿದ್ದ ಕೆಂಪು ರುಮಾಲು ಬಿಚ್ಚಿಕೊಂಡಿತ್ತು, ಮತ್ತು ಆ ಖಾಲಿ ನೆಲದ ಮೇಲೆ ಸುಕ್ಕಿಲ್ಲದೆ ಹಾಸಿತ್ತು.